ಕುಮಾರ ಗಂಧರ್ವರ ಬದುಕನ್ನು ಬರೆಯುವ ಬಗೆ

ಹುಳಿಯಾರು, ಶಿರಾ, ಹಿರಿಯೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆಯ ಜೊತೆ ಹಾಡುವ ಸಂಪ್ರದಾಯವಿದೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪ ದನ ಕಾಯ್ದವನು, ಗಣೆ ನುಡಿಸಿದವನು, ಕೊನೆಗೆ ದೈವವಾಗಿ ಪೂಜೆಗೊಂಡವನು. ಅವನು ಯಾವ ಇಸವಿಯಲ್ಲಿ ಹುಟ್ಟಿದ, ಗಣೆಯನ್ನು ಯಾರ ಬಳಿ ಕಲಿತ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಕಥೆಯಲ್ಲಿ ಪವಾಡವಿದೆ, ಪವಾಡವೇ ಅವನ ನಾದಕ್ಕೆ ಕಾರಣ. ದೈವದ ಕಥೆಗೆ ಅದು ಸಾಕು.

ತೊಡಕು ಬರುವುದು ಇದೇ ಅಭ್ಯಾಸ ನಮ್ಮ ಕಾಲದ ಸಂಗೀತಗಾರರ ಜೀವನಚರಿತ್ರೆಗಳೊಳಗೂ ಸದ್ದಿಲ್ಲದೆ ನುಗ್ಗಿದಾಗ. ಹುಟ್ಟಿದ ತಾರೀಕು, ಗುರುವಿನ ಹೆಸರು, ಕಛೇರಿಗಳ ಪಟ್ಟಿ, ಧ್ವನಿಮುದ್ರಣ ಎಲ್ಲವೂ ಲಭ್ಯವಿರುವ ಕಲಾವಿದರ ಬಗ್ಗೆಯೂ ಲೇಖಕರು ಕೊನೆಗೆ ಪವಾಡವೊಂದಕ್ಕೆ ಮೊರೆಹೋಗುತ್ತಾರೆ. ಕನ್ನಡನಾಡಿನಲ್ಲಿ ಹುಟ್ಟಿದ ಸಂಗೀತಗಾರರ ಪೈಕಿ ಇದಕ್ಕೆ ಅತಿ ಹೆಚ್ಚು ಗುರಿಯಾದವರು ಕುಮಾರ ಗಂಧರ್ವ.

ಅವರ ಬದುಕಿನ ಹೊರರೇಖೆ ಪ್ರಸಿದ್ಧವಾದದ್ದೇ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿಮಠ ಎಂಬ ಬಾಲಕ ಹತ್ತು ವರ್ಷ ತುಂಬುವ ಮೊದಲೇ ಕಛೇರಿ ಮಾಡತೊಡಗಿದ. ಮಠಾಧೀಶರೊಬ್ಬರು ಆ ಎಳೆಯನಿಗೆ ಇಟ್ಟ ಬಿರುದೇ ಮುಂದೆ ಹೆಸರಾಯಿತು. 1936ರಲ್ಲಿ ಮುಂಬಯಿಯ ಸಂಗೀತ ಸಮ್ಮೇಳನದಲ್ಲಿ ಹಾಡಿ ಘಟಾನುಘಟಿಗಳನ್ನು ಬೆರಗುಗೊಳಿಸಿದ ಮೇಲೆ ಪ್ರೊ. ಬಿ.ಆರ್. ದೇವಧರ್ ಅವರ ಶಾಲೆ ಸೇರಿದ್ದಾಯಿತು. ಅಂಜನೀಬಾಯಿ ಮಾಲ್ಪೇಕರ್ ಅವರಿಂದಲೂ ಪಾಠವಾಯಿತು. 1947ರಲ್ಲಿ ಅದೇ ಶಾಲೆಯ ಭಾನುಮತಿ ಕಂಸ್ ಅವರೊಡನೆ ಮದುವೆ. ಅದೇ ವರ್ಷ ಕ್ಷಯ ಕಾಣಿಸಿಕೊಂಡಿತು. ಒಣಹವೆಗಾಗಿ ದಂಪತಿಗಳು ಮಧ್ಯಭಾರತದ ಮಾಳವ ಪ್ರಾಂತ್ಯದ ದೇವಾಸ್‌ಗೆ 1948ರ ಜನವರಿಯಲ್ಲಿ ಹೋಗಿ ನೆಲೆಸಿದರು. ಐದಾರು ವರ್ಷ ಹಾಡು ನಿಂತಿತು. ಆಗಷ್ಟೇ ದೊರೆಯತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಅವರನ್ನು ಉಳಿಸಿತು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. 1953ರಲ್ಲಿ ಮತ್ತೆ ವೇದಿಕೆ ಏರಿದಾಗ ಕೇಳುಗರಿಗೆ ಸಿಕ್ಕಿದ್ದು ಬೇರೆಯೇ ಗಾಯನ.

ಈ ಕಥೆಯನ್ನು ಬರೆಯಲು ಕುಳಿತವರಿಗೆ ಇದಕ್ಕಿಂತ ಹದವಾದ ವಸ್ತು ಸಿಗದು. ಬಾಲಪ್ರತಿಭೆ, ಪತನ, ಮೌನ, ಪುನರ್ಜನ್ಮ! ಪಶ್ಚಿಮದ ರಾಕ್ ಸಂಗೀತಗಾರರ ಜೀವನಚರಿತ್ರೆಗಳಲ್ಲಿ ಸವೆದುಹೋಗಿರುವ ಅಚ್ಚೂ ಇದೇ. ಅಲ್ಲಿ ಕ್ಷಯದ ಜಾಗದಲ್ಲಿ ಮಾದಕವಸ್ತು, ದೇವಾಸ್‌ನ ಜಾಗದಲ್ಲಿ ಚಿಕಿತ್ಸಾಲಯ ಇರುತ್ತದೆ ಅಷ್ಟೆ.

ಕುಮಾರರ ಬಗ್ಗೆ ಹೆಚ್ಚಾಗಿ ಕೇಳಿಬರುವ ವಿವರಣೆ ಹೀಗೆ ಸಾಗುತ್ತದೆ: ಒಂದೇ ಶ್ವಾಸಕೋಶದಲ್ಲಿ ದೀರ್ಘವಾಗಿ ಉಸಿರು ಹಿಡಿಯುವುದು ಅಸಾಧ್ಯ, ಆದ್ದರಿಂದ ಅವರು ಸಣ್ಣ ಸಣ್ಣ ಸ್ವರಗುಚ್ಛಗಳನ್ನು ಕತ್ತರಿಸಿದಂತೆ ಹಾಡಿದರು, ನಡುವಿನ ಮೌನವನ್ನು ತಂಬೂರಿಗೆ ಬಿಟ್ಟುಕೊಟ್ಟರು, ಹೀಗೆ ಹೊಸ ಶೈಲಿ ಹುಟ್ಟಿತು. ಕೇಳಲು ಸೊಗಸಾಗಿದೆ. ಇದರಲ್ಲಿ ನಿಜವೂ ಇದೆ. ಆದರೆ ಆ ಕಾಲದ ಭಾರತದಲ್ಲಿ ಕ್ಷಯ ಪೀಡಿತರು ಲೆಕ್ಕವಿಲ್ಲದಷ್ಟಿದ್ದರು. ಅವರಲ್ಲಿ ಹಾಡುಗಾರರೂ ಇದ್ದಿರಲೇಬೇಕು. ರೋಗ ಹಾಡನ್ನು ಕಟ್ಟುವುದಾಗಿದ್ದರೆ ಇನ್ನೂ ಕೆಲವು ಕುಮಾರರು ಬರಬೇಕಿತ್ತು.

ಇಂಥ ವಿವರಣೆ ಬೇರೆ ಕಡೆಯೂ ಉಂಟು. ಫ್ರಾನ್ಸಿನ ಜಿಪ್ಸಿ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಚಲನೆ ಕಳೆದುಕೊಂಡ, ಉಳಿದ ಬೆರಳುಗಳಲ್ಲೇ ಜಾಸ್ ನುಡಿಸಿ ಹೆಸರಾದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗನಿಗೆ 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಹೋಯಿತು. ಅವನು ಕೈಬಿಡದಂತೆ ಮಾಡಿದ್ದು ಜಾಂಗೋನ ಧ್ವನಿಮುದ್ರಿಕೆ. ಬೆರಳಿಗೆ ನೋವಾಗದಿರಲೆಂದು ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಬ್ಲ್ಯಾಕ್ ಸಬಾತ್ ತಂಡದ ಆ ದಪ್ಪ, ಕತ್ತಲೆಯಂಥ ನಾದ ಹುಟ್ಟಿದ್ದು ಈ ಗಾಯದಿಂದಲೇ ಎಂದು ರಾಕ್ ಇತಿಹಾಸ ಬರೆದವರು ಹೇಳುತ್ತಾರೆ. ಗಾಯ ತಂತಿಯನ್ನು ಸಡಿಲಿಸಿದ್ದು ಹೌದು. ಸಡಿಲಾದ ತಂತಿಯಲ್ಲಿ ಏನು ನುಡಿಸಬೇಕೆಂದು ಗಾಯ ಹೇಳಿಕೊಡಲಿಲ್ಲವಲ್ಲ.

ಕುಮಾರರ ಧ್ವನಿಮುದ್ರಣಗಳೇ ಶ್ವಾಸಕೋಶದ ವಾದಕ್ಕೆ ಅಡ್ಡ ಬರುತ್ತವೆ. 1953ರ ನಂತರವೂ ಅವರು ತಾರಸ್ಥಾಯಿಗೆ ಸ್ವರವನ್ನು ಚಿಮ್ಮಿಸುವ ರಭಸ, ದ್ರುತ ಖಯಾಲಿನ ತಾನುಗಳ ವೇಗ ಬಲಹೀನ ಮನುಷ್ಯನದಲ್ಲ. ಸಾಧ್ಯವಿದ್ದ ಕಡೆಯೂ ಅವರು ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ವಿಳಂಬ ವಿಸ್ತಾರವನ್ನು ಮಾಡಲಿಲ್ಲ. ಮಾಡಲಾರದ್ದಕ್ಕಿಂತ ಮಾಡಲೊಲ್ಲದ್ದು ಅಲ್ಲಿ ಹೆಚ್ಚು. ಈ ವ್ಯತ್ಯಾಸವನ್ನು ಹಿಡಿದ ಬರಹವೇ ಅವರ ಬಗ್ಗೆ ನಂಬತಕ್ಕ ಬರಹ.

ಹಾಗಿದ್ದರೆ ಹಾಸಿಗೆ ಹಿಡಿದಿದ್ದ ಆ ವರ್ಷಗಳಲ್ಲಿ ನಡೆದದ್ದೇನು? ದೇವಾಸ್‌ನ ಮನೆ ಚಾಮುಂಡಾ ದೇವಿಯ ಗುಡ್ಡದ ಬುಡದಲ್ಲಿದೆ. (ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1921ರಲ್ಲಿ ದೇವಾಸ್ ಮಹಾರಾಜರ ಕಾರ್ಯದರ್ಶಿಯಾಗಿದ್ದು, ಇದೇ ಗುಡ್ಡದ ಹೆಸರಿನ ಪುಸ್ತಕವನ್ನು ಬರೆದರು. ಅದು ಅಚ್ಚಾದದ್ದು 1953ರಲ್ಲಿ, ಕುಮಾರರು ಮತ್ತೆ ಹಾಡಿದ ವರ್ಷ. ಕಾಕತಾಳೀಯವೇ, ಆದರೂ ಮರೆಯುವಂಥದಲ್ಲ.) ಮಲಗಿದ್ದವರ ಕಿವಿಗೆ ಮಾಳವದ ಹೆಂಗಸರ ಹಾಡು ಬೀಳುತ್ತಿತ್ತು. ಮದುವೆ, ಹಬ್ಬ, ಮಳೆಗಾಲ, ಕೂಸಿನ ತೊಟ್ಟಿಲು, ಹೀಗೆ ಸಂದರ್ಭಕ್ಕೊಂದು ಧಾಟಿ. ನಾಲ್ಕೈದು ಸ್ವರಗಳಲ್ಲೇ ಮುಗಿಯುವ ಆ ಧಾಟಿಗಳಲ್ಲಿ ರಾಗದ ಬೀಜವಿರುವುದನ್ನು ಅವರು ಗುರುತಿಸಿದರು. ಬರೆದಿಟ್ಟುಕೊಂಡರು, ವಿಂಗಡಿಸಿದರು. ಅವುಗಳಿಂದ ಮಧುಸೂರಜಾ, ಅಹಿಮೋಹಿನಿ, ಸಂಜಾರಿಯಂಥ ಹೊಸ ರಾಗಗಳನ್ನು ಕಟ್ಟಿದರು. ತಮ್ಮ ಬಂದಿಶ್‌ಗಳನ್ನು 1965ರಲ್ಲಿ 'ಅನೂಪರಾಗವಿಲಾಸ' ಎಂಬ ಗ್ರಂಥವಾಗಿ ಹೊರತಂದರು. ದೇವಾಸ್‌ನಲ್ಲೇ ಇರುವ ಶೀಲನಾಥ ಧೂನಿಯ ನಾಥಪಂಥದ ಪದಗಳು, ಕಬೀರನ ನಿರ್ಗುಣ ಪದಗಳು ಅವರ ಕಛೇರಿಯೊಳಗೆ ಬಂದದ್ದೂ ಈ ನೆಲದ ಸಂಪರ್ಕದಿಂದ. ಮಲಗಿದ್ದವನು ಸುಮ್ಮನೆ ಮಲಗಿರಲಿಲ್ಲ ಎಂದರ್ಥ.

ಆ ದಿನಗಳಲ್ಲಿ ಮನೆ ನಡೆದದ್ದು ಯಾರಿಂದ ಎಂಬ ಪ್ರಶ್ನೆಯೂ ಇದೆ. ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸಿದರು, ರೋಗಿಯ ಶುಶ್ರೂಷೆ ಮಾಡಿದರು. ಅವರು ಸ್ವತಃ ಹಾಡುಗಾರ್ತಿ. ಬಹಳ ಕಡೆ ಅವರನ್ನು ಸಾವಿತ್ರಿಯ ಸಾಲಿಗೆ ಸೇರಿಸಿ ಎರಡು ಒಳ್ಳೆಯ ಮಾತು ಹೇಳಿ ಮುಂದೆ ಹೋಗಲಾಗುತ್ತದೆ. 1961ರಲ್ಲಿ ಎರಡನೆಯ ಮಗುವಿನ ಹೆರಿಗೆಯ ಬಳಿಕ ಅವರು ತೀರಿಕೊಂಡರು, ದೇವಾಸ್‌ನ ಮನೆಗೆ 'ಭಾನುಕುಲ' ಎಂಬ ಹೆಸರು ಉಳಿಯಿತು. ಮರುವರ್ಷ ಕುಮಾರರ ಕೈಹಿಡಿದ ವಸುಂಧರಾ ಅವರೂ ದೇವಧರ್ ಶಾಲೆಯವರು, ಮೂರು ದಶಕ ಅವರ ಜೊತೆ ವೇದಿಕೆಯಲ್ಲಿ ಹಾಡಿದವರು. ಕುಮಾರರ ನಿರ್ಗುಣ ಪದಗಳಲ್ಲಿ ಹಿನ್ನೆಲೆಯಾಗಿ ಕೇಳುವ ಆ ಹೆಣ್ಣುದನಿ ಯಾರದೆಂದು ತಿಳಿಯದೆಯೇ ಎಷ್ಟೋ ಮಂದಿ ಅದನ್ನು ಮೆಚ್ಚಿದ್ದಾರೆ.

ಈ ದೃಷ್ಟಿಯಿಂದ ನೋಡಿದರೆ ಅವರ ಬಗ್ಗೆ ಬಂದಿರುವ ಪುಸ್ತಕ, ಚಿತ್ರಗಳ ತೂಕ ಬೇರೆಬೇರೆ. ರಾಘವ ಆರ್. ಮೆನನ್ ಅವರು 2001ರಲ್ಲಿ ಇಂಗ್ಲಿಷಿನಲ್ಲಿ ಬರೆದ ಸಂಗೀತಯಾತ್ರೆಯ ಕಥನ ಭಾವತುಂಬಿದ ಬರಹ. ಕೇಳುಗನ ರೋಮಾಂಚನವನ್ನು ಅದು ಚೆನ್ನಾಗಿ ಹಿಡಿಯುತ್ತದೆ, ದಾಖಲೆ ಹುಡುಕಿ ಹೋದವರಿಗೆ ಮಾತ್ರ ಅರೆಹೊಟ್ಟೆ. ಅಶೋಕ ವಾಜಪೇಯಿ ಅವರ 'ಬಹುರಿ ಅಕೇಲಾ' ಕವನಗಳು. ಕವಿತೆ ತಾನು ಜೀವನಚರಿತ್ರೆ ಎಂದು ಹೇಳಿಕೊಳ್ಳುವುದಿಲ್ಲ, ಹಾಗಾಗಿ ಮೋಸವಿಲ್ಲ. ಜಬ್ಬಾರ್ ಪಟೇಲ್ ಅವರ 'ಹಂಸ ಅಕೇಲಾ' ಚಿತ್ರ (2005) ಬಲ್ಲವರ ಬಾಯಿಂದ ಕಥೆ ಹೇಳಿಸುತ್ತದೆ. ಮಗಳು ಕಲಾಪಿನಿ ಕೋಮಕಲಿ, ರೇಖಾ ಇನಾಮದಾರ್ ಸಾನೆ ಸಂಪಾದಿಸಿದ 'ಕಾಲಜಯೀ ಕುಮಾರ ಗಂಧರ್ವ' ಹಲವರ ಬರಹಗಳನ್ನು ಒಟ್ಟುಗೂಡಿಸಿದ ದೊಡ್ಡ ಕೆಲಸ. ಮನೆಯವರೇ ಮಾಡಿದ್ದರಿಂದ ಬಂದ ಆಪ್ತತೆ ಅಲ್ಲಿದೆ, ಮನೆಯವರು ಮಾಡುವಾಗ ಸಹಜವಾಗಿ ಬರುವ ಗೌರವದ ದೂರವೂ ಇದೆ.

ಅಮೆರಿಕದ ವಿದ್ವಾಂಸೆ ಲಿಂಡಾ ಹೆಸ್ ಅವರ 2009ರ ಪುಸ್ತಕವನ್ನು ಜೀವನಚರಿತ್ರೆ ಎನ್ನಲಾಗದು. ಅದು ಕುಮಾರರು ಹಾಡಿದ ಕಬೀರನ ಪದಗಳ ಅನುವಾದ ಮತ್ತು ವಿವೇಚನೆ. ಬೆಂಗಳೂರಿನಲ್ಲಿದ್ದು ಕಬೀರ ಯೋಜನೆ ನಡೆಸಿದ ಶಬ್ನಮ್ ವೀರ್ಮಾನಿ ಅವರ 'ಕೋಯಿ ಸುನ್ತಾ ಹೈ' ಚಿತ್ರವೂ (2008) ಹಾಗೆಯೇ, ಹಾಡಿನ ಬೆನ್ನುಹತ್ತಿ ಹೋಗುತ್ತದೆ. ಆದರೂ ಕುಮಾರರ ಬದುಕಿನ ಬಗ್ಗೆ ಹೆಚ್ಚು ತಿಳಿಯುವುದು ಇಂಥ ಪಕ್ಕದ ಬಾಗಿಲಿನಿಂದಲೇ. ಒಂದು ಪದ ಎಲ್ಲಿಂದ ಬಂತು, ಯಾರ ಬಾಯಲ್ಲಿತ್ತು, ಇವರ ಬಾಯಿಗೆ ಬಂದಾಗ ಏನಾಯಿತು ಎಂದು ವಿಚಾರಿಸುವ ಕೆಲಸ ಪವಾಡಕ್ಕೆ ಎಡೆಗೊಡುವುದಿಲ್ಲ.

'ಬಂಡಾಯಗಾರ' ಎಂಬ ಇನ್ನೊಂದು ಹಣೆಪಟ್ಟಿಯೂ ಅವರಿಗಿದೆ. ಘರಾಣೆ ಎಂದರೆ ಪೀಳಿಗೆಯಿಂದ ಪೀಳಿಗೆಗೆ ಬಂದ ಗಾಯನದ ಮನೆತನ. ವಾಮನರಾವ್ ದೇಶಪಾಂಡೆ ಅವರು ಘರಾಣೆಗಳ ಸೌಂದರ್ಯವನ್ನು ಬಿಡಿಸಿ ತೋರಿದ 'ಘರಂದಾಜ್ ಗಾಯಕಿ' ಎಂಬ ಮರಾಠಿ ಗ್ರಂಥ 1961ರಲ್ಲಿ ಬಂದಿತು. ಅದೇ ಹೊತ್ತಿನಲ್ಲಿ ಕುಮಾರರು ಯಾವ ಮನೆತನಕ್ಕೂ ಸೇರದೆ ಹಾಡುತ್ತಿದ್ದರು. ರಾಗದ ಕ್ರಮಬದ್ಧ ಬೆಳವಣಿಗೆ ಇವರಲ್ಲಿಲ್ಲ, ತುಣುಕು ತುಣುಕು ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಅವರನ್ನೆಲ್ಲ ಖಳರನ್ನಾಗಿ ಮಾಡಿದರೆ ಕಥೆ ಓಡುತ್ತದೆ, ಸಂಗೀತ ಅರ್ಥವಾಗುವುದಿಲ್ಲ. ಆ ಆಕ್ಷೇಪದಲ್ಲೂ ಕಿವಿ ಇತ್ತು. ಅದೂ ಅಲ್ಲದೆ ಈ ಬಂಡಾಯಗಾರರೇ ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟ್ಯಗೀತೆಗಳಿಗಾಗಿ ಪೂರ್ಣ ಕಾರ್ಯಕ್ರಮವೊಂದನ್ನು ಮುಡಿಪಾಗಿಟ್ಟವರು. ಮುರಿದವರು ಯಾವುದನ್ನು, ತಲೆಬಾಗಿದ್ದು ಯಾವುದಕ್ಕೆ ಎಂದು ಎರಡನ್ನೂ ಹೇಳಬೇಕಾಗುತ್ತದೆ.

ಇನ್ನು ಕನ್ನಡದ ಮಾತು. ಕುಮಾರರ ಬಗೆಗಿನ ಹೆಚ್ಚಿನ ಬರಹ ಇರುವುದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಅವುಗಳಲ್ಲಿ ಸುಳೇಭಾವಿಯ ಬಾಲ್ಯ ಮುನ್ನುಡಿಯಂತೆ ಬಂದುಹೋಗುತ್ತದೆ. ಇದೇ ಸೀಮೆಯ ಮಲ್ಲಿಕಾರ್ಜುನ ಮನ್ಸೂರರು 'ನನ್ನ ರಸಯಾತ್ರೆ'ಯಲ್ಲಿ ತಮ್ಮ ಹಳ್ಳಿ, ನಾಟಕ ಕಂಪನಿ, ಗುರುಗಳನ್ನು ಕನ್ನಡದಲ್ಲೇ ಬರೆದಿಟ್ಟರು. ಕುಮಾರರ ವಿಷಯದಲ್ಲಿ ಅಂಥ ಭಾಗ್ಯವಿಲ್ಲ. ಇಬ್ಬರೂ ತೀರಿಕೊಂಡದ್ದು 1992ರಲ್ಲೇ, ಕುಮಾರರು ಜನವರಿಯಲ್ಲಿ, ಮನ್ಸೂರರು ಸೆಪ್ಟೆಂಬರ್‌ನಲ್ಲಿ.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಆಮಿಷ ಬೇರೆ ರೀತಿಯದು. ವೀರಶೈವ ಮಠದ ಮನೆತನದಲ್ಲಿ ಹುಟ್ಟಿದವರು ಕಬೀರನ ನಿರ್ಗುಣಕ್ಕೆ ಒಲಿದರೆಂದರೆ ವಚನಗಳ, ತತ್ವಪದಗಳ ಸಂಸ್ಕಾರವೇ ಅದಕ್ಕೆ ಮೂಲವೆಂದು ಹೇಳಿಬಿಡಲು ನಾಲಿಗೆ ತುರಿಸುತ್ತದೆ. ಇರಬಹುದು. ಆದರೆ ಆ ಪದಗಳು ಅವರಿಗೆ ಸಿಕ್ಕಿದ್ದು ಮೂವತ್ತರ ಆಸುಪಾಸಿನಲ್ಲಿ, ಮಾಳವದಲ್ಲಿ. ಸಾಕ್ಷ್ಯವಿಲ್ಲದೆ ಸುಳೇಭಾವಿಗೆ ಎಳೆದು ತಂದರೆ ಅದೂ ಶ್ವಾಸಕೋಶದ ಕಥೆಯಂತೆಯೇ ಆದೀತು.

ಸುಳೇಭಾವಿಯಲ್ಲಿ ಹುಡುಕಬೇಕಾದದ್ದು ಬಹುಶಃ ಗ್ರಾಮಫೋನನ್ನು. ತಂದೆ ಸಿದ್ಧರಾಮಯ್ಯ ಸಂಗೀತದ ಗೀಳಿನವರು. ಬಾಲಕ ಶಿವಪುತ್ರ ಯಾವ ಗುರುವಿನ ಮುಂದೂ ಕೂರುವ ಮೊದಲೇ ತಟ್ಟೆಗಳನ್ನು ಕೇಳಿ ಅಬ್ದುಲ್ ಕರೀಂ ಖಾನರಂಥವರ ಹಾಡನ್ನು ಕೊಂಕೂ ಬಿಡದಂತೆ ಒಪ್ಪಿಸುತ್ತಿದ್ದ. ಇದನ್ನು ಪೂರ್ವಜನ್ಮದ ಪುಣ್ಯ ಎಂದವರಿದ್ದಾರೆ. ಅದು ಮೂರು ನಿಮಿಷಕ್ಕೆ ಮುಗಿಯುವ ತಟ್ಟೆಗಳ ಕಾಲ. ಕಂಪನಿ ನಾಟಕದ ಹಾಡುಗಳು ಹಳ್ಳಿಯ ಜಗಲಿಗೆ ಬಂದದ್ದೂ ಅದೇ ತಟ್ಟೆಗಳಿಂದ. ಒಂದು ಘರಾಣೆಯ ಶಿಷ್ಯ ಇನ್ನೊಂದು ಘರಾಣೆಯ ಹಾಡು ಕೇಳುವುದೇ ತಪ್ಪೆನ್ನುತ್ತಿದ್ದ ದಿನಗಳಲ್ಲಿ ಈ ಯಂತ್ರ ಕಿರಾಣಾ, ಆಗ್ರಾ, ಜೈಪುರ ಎಂಬ ಭೇದವೆಣಿಸದೆ ಎಲ್ಲರನ್ನೂ ಒಂದೇ ಮುಳ್ಳಿನ ಕೆಳಗೆ ಹಾಡಿಸುತ್ತಿತ್ತು. ಘರಾಣೆಯ ಗೋಡೆ ದಾಟಿದ ಗಾಯಕ ಅಂಥ ಗೋಡೆಯಿಲ್ಲದ ಕೋಣೆಯಲ್ಲೇ ಕಿವಿ ತೆರೆದಿದ್ದ. ವಿಸ್ತರಿಸಲು ಸಮಯವೇ ಇಲ್ಲದ ಮೂರು ನಿಮಿಷದಲ್ಲಿ ರಾಗದ ಮುಖವನ್ನು ತಟ್ಟನೆ ತೋರಿಸುವ ಕಲೆಯೂ ಆ ತಟ್ಟೆಗಳಲ್ಲಿತ್ತು.

ಬಾಲಕನಾಗಿದ್ದಾಗಿನ ಕೆಲವು ಧ್ವನಿಮುದ್ರಣಗಳು ಉಳಿದಿವೆ. ಅವನ್ನು ದೇವಾಸ್‌ನ ನಂತರದ ಹಾಡುಗಳ ಪಕ್ಕದಲ್ಲಿಟ್ಟು ಕೇಳಿದರೆ ಮೊದಲನೆಯದರಲ್ಲಿ ಬೇರೆಯವರ ದನಿಗಳೆಲ್ಲ ಇವೆ, ಕುಮಾರರಿಲ್ಲ. ಆ ಉಸಿರು ಎರಡೂ ಶ್ವಾಸಕೋಶಗಳದ್ದು.