ಎರಡು ಗಾಲಿಗಳ ನ್ಯಾಯ

ಎತ್ತಿನ ಗಾಡಿ ಓಣಿಯ ತಿರುವಿನಲ್ಲಿ ಹೊರಳುವಾಗ ಅದರ ಗಾಲಿಗಳನ್ನು ಗಮನಿಸಿರಿ. ಒಳಗಿನ ಗಾಲಿ ನಿಂತೂ ನಿಲ್ಲದಂತೆ ಮೆಲ್ಲನೆ ತಿರುಗುತ್ತದೆ. ಹೊರಗಿನದು ದೊಡ್ಡ ಬಳಸು ಹಾಕಿ ಓಡಿಬರುತ್ತದೆ. ಗಾಲಿಗಳ ನಡುವೆ ನಾಲ್ಕೂವರೆ ಅಡಿ ಅಂತರವಿದ್ದರೆ, ಒಂದು ಪೂರ್ಣ ಸುತ್ತು ಮುಗಿಯುವಷ್ಟರಲ್ಲಿ ಹೊರಗಾಲಿ ಸುಮಾರು 28 ಅಡಿ ಹೆಚ್ಚು ದಾರಿ ನಡೆದಿರುತ್ತದೆ. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಈ ಲೆಕ್ಕ ಬದಲಾಗದು. ಆದರೂ ಇದರಿಂದ ನಮ್ಮ ಬಡಗಿಗೆ ಯಾವ ತೊಡಕೂ ಬರಲಿಲ್ಲ. ಇರುಸು ಕದಲದೆ ನಿಲ್ಲುತ್ತದೆ. ಅದರ ಎರಡು ತುದಿಗಳಲ್ಲಿ ಗಾಲಿಗಳು ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಎಳೆಯುವ ಭಾರ ಎತ್ತಿನ ಹೆಗಲಿನದು. ಗಾಲಿಯದು ಉರುಳುವ ಕೆಲಸ ಮಾತ್ರ.

ಎತ್ತು ಕುದುರೆಗಳನ್ನು ಬಿಟ್ಟು ಗಾಲಿಯನ್ನೇ ಯಂತ್ರದಿಂದ ತಿರುಗಿಸಹೊರಟಾಗ ತೊಡಕು ಹುಟ್ಟಿತು. ಎರಡೂ ಗಾಲಿಗಳನ್ನು ಒಂದೇ ಇರುಸಿಗೆ ಬಿಗಿದರೆ, ತಿರುವಿನಲ್ಲಿ ಒಂದಾದರೂ ನೆಲವನ್ನು ಉಜ್ಜುತ್ತ ಜಾರಲೇಬೇಕು. ಪ್ಯಾರಿಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಯಂತ್ರಶಿಲ್ಪಿ ಉಗಿಬಂಡಿಗಾಗಿ ರೂಪಿಸಿ 1828ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಈ ಗಂಟನ್ನು ಬಿಡಿಸಿತು. ಇರುಸನ್ನು ನಡುವೆ ಎರಡಾಗಿ ತುಂಡರಿಸುವುದು, ಒಳತುದಿಗಳಿಗೆ ಒಂದೊಂದು ಹಲ್ಲುಚಕ್ರ ಕೂಡಿಸುವುದು, ಅವೆರಡರ ನಡುವೆ ಬೇರೆ ಹಲ್ಲುಚಕ್ರವನ್ನು ಮಧ್ಯಸ್ಥನಂತೆ ಇರಿಸುವುದು: ಇದು ಅದರ ತಿರುಳು. ನೇರ ದಾರಿಯಲ್ಲಿ ಎಲ್ಲವೂ ಒಟ್ಟಾಗಿ ಸುತ್ತುತ್ತವೆ. ತಿರುವಿನಲ್ಲಿ ಒಂದು ಗಾಲಿ ಎಷ್ಟು ಹಿಂದೆ ಬೀಳುವುದೋ ಇನ್ನೊಂದು ಅಷ್ಟೇ ಮುಂದೆ ಹೋಗುವುದು. ಇದೇ ಇಂದು ನಾವು ಹೇಳುವ ಡಿಫರೆನ್ಷಿಯಲ್. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಇದನ್ನು ಮೂರು ಗಾಲಿಯ ಸೈಕಲ್ಲಿಗೆ ಅಳವಡಿಸಿದ. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ನ ಮೋಟಾರು ಗಾಡಿಯಲ್ಲಿಯೂ ಇದಿತ್ತು.

ಆದರೆ ಈ ಮಧ್ಯಸ್ಥನ ನ್ಯಾಯದಲ್ಲಿ ಒಂದು ಕುಂದು ಉಂಟು. ಅವನು ಎರಡು ಗಾಲಿಗಳಿಗೂ ಬಲವನ್ನು ಸಮನಾಗಿಯೇ ಹಂಚುತ್ತಾನೆ. ಒಂದು ಗಾಲಿ ಕೆಸರಿನಲ್ಲಿ ಹಿಡಿತ ತಪ್ಪಿತೆನ್ನಿ. ಅದು ಗಿರಗಿರನೆ ತಿರುಗಲು ಬೇಕಾದ ಬಲ ಅತ್ಯಲ್ಪ. ಗಟ್ಟಿ ನೆಲವನ್ನು ಕಚ್ಚಿ ನಿಂತ ಇನ್ನೊಂದು ಗಾಲಿಗೂ ಆಗ ಅಷ್ಟೇ ಸಿಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುದಾರಿ ಹಿಡಿದವರಿಗೆ ಇದರ ಫಲ ಗೊತ್ತು: ಒಂದು ಗಾಲಿ ಕೆಸರನ್ನು ಎರಚುತ್ತದೆ, ಇನ್ನೊಂದು ಸುಮ್ಮನಿರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಪಾಲು ಸಮವಾಯಿತು, ಕೆಲಸ ಕೆಟ್ಟಿತು.

ಈ ಕುಂದು ಕೆಸರಿಗೇ ಮೀಸಲಲ್ಲವೆಂಬುದನ್ನು ಪಂದ್ಯದ ಕಾರುಗಳು ತೋರಿಸಿದವು. ಜರ್ಮನಿಯ ಆಟೋ ಯೂನಿಯನ್ ಸಂಸ್ಥೆಗಾಗಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಹದಿನಾರು ಸಿಲಿಂಡರುಗಳ ಕಾರು 1934ರಲ್ಲಿ ಪಂದ್ಯಕ್ಕಿಳಿಯಿತು. ಅದರ ಶಕ್ತಿ ಎಷ್ಟೆಂದರೆ, ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿಯೂ ಹಿಂದಿನ ಒಂದು ಗಾಲಿ ಹಿಡಿತ ಬಿಟ್ಟು ತಿರುಗುತ್ತಿತ್ತು. 1935ರಲ್ಲಿ ಪೋರ್ಷೆ ಇದರ ಪರಿಹಾರವನ್ನು ಜೆಡ್‌ಎಫ್ ಕಾರ್ಖಾನೆಗೆ ಒಪ್ಪಿಸಿದ. ಜೆಪ್ಪೆಲಿನ್ ವಾಯುನೌಕೆಗಳಿಗೆ ಹಲ್ಲುಚಕ್ರ ಮಾಡಿಕೊಡಲೆಂದು 1915ರಲ್ಲಿ ಹುಟ್ಟಿದ ಕಾರ್ಖಾನೆ ಅದು. ಡಿಫರೆನ್ಷಿಯಲ್ಲಿನ ಒಳಗೇ ಬೇಕೆಂದು ಘರ್ಷಣೆಯನ್ನು ಹುಟ್ಟಿಸಿ, ಎರಡು ಗಾಲಿಗಳ ವೇಗ ವಿಪರೀತವಾಗಿ ಅಗಲದಂತೆ ತಡೆಯುವುದೇ ಉಪಾಯ. ಹೀಗೆ ಬಂದದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಜಾರಿಕೆಗೆ ಮಿತಿ ಹಾಕಿದ ಡಿಫರೆನ್ಷಿಯಲ್. 1956ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರಿನ ಮೂಲಕ ಅದು ಅಲ್ಲಿಯ ಸಾಮಾನ್ಯ ರಸ್ತೆಗೂ ಇಳಿಯಿತು.

ಗಾಲಿಗಳ ನಡುವಣ ಹಂಚಿಕೆಯ ಮಾತಾಯಿತು. ಅದೇ ಗುಂಡಿನೊಳಗೆ ಇನ್ನೊಂದು ಹಂಚಿಕೆಯೂ ನಡೆಯುತ್ತದೆ: ವೇಗಕ್ಕೆಷ್ಟು, ಎಳೆತಕ್ಕೆಷ್ಟು ಎಂಬುದು. ಎಂಜಿನ್ನಿನ ಕಡೆಯಿಂದ ಬಂದ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ಎಂಬ ದೊಡ್ಡದನ್ನು ತಿರುಗಿಸುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ದಂಡ 4.88 ಸುತ್ತು ಬಂದರೆ ಗಾಲಿ ಒಂದು ಸುತ್ತು. 1945ರಲ್ಲಿ ಯುದ್ಧ ಮುಗಿದು ಜೀಪು ರೈತನ ಹೊಲಕ್ಕೆ ಬಂದಾಗ, ಸಿಜೆ-2ಎ ಎಂಬ ಹೊಸ ಮಾದರಿಯಲ್ಲಿ ಕ್ರೌನಿನ ಹಲ್ಲು 43 ಆಯಿತು, ಪ್ರಮಾಣ 5.38ಕ್ಕೇರಿತು. ನಾಲ್ಕೇ ಹಲ್ಲಿನ ಬದಲಾವಣೆ. ಅದರಿಂದ ಎಳೆತ ಶೇಕಡಾ ಹತ್ತರಷ್ಟು ಹೆಚ್ಚಿತು. ಎಂಜಿನ್ನಿನ ಅದೇ ಓಟಕ್ಕೆ ವೇಗ ಶೇಕಡಾ ಒಂಬತ್ತರಷ್ಟು ತಗ್ಗಿತು. ನೇಗಿಲು ಎಳೆಯಬೇಕಾದವನಿಗೆ ಈ ವ್ಯಾಪಾರ ಲಾಭದ್ದೇ.

ಇಂಥ ಬದಲಾವಣೆಯನ್ನು ಹಳೆಯ ಗಾಡಿಗೆ ತಾವೇ ಮಾಡಹೊರಟವರು ಒಂದು ಮಾತನ್ನು ಮರೆಯುವುದುಂಟು. ಪ್ರಮಾಣ ಏರಿದಂತೆ ಪಿನಿಯನ್ ಸಣ್ಣದಾಗುತ್ತದೆ. ಅದನ್ನು ಮುಟ್ಟಲು ಕ್ರೌನ್ ಹತ್ತಿರ ಸರಿಯಬೇಕು. ಕ್ರೌನ್ ಕುಳಿತಿರುವುದು ಡಿಫರೆನ್ಷಿಯಲ್ಲಿನ ಕವಚದ ಮೇಲೆ. ಡಾನಾ 44 ಎಂಬ ಹೆಸರಾಂತ ಇರುಸಿನಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆ ಪ್ರಮಾಣಗಳಿಗೆ ಒಂದು ಕವಚ, 3.92 ಮತ್ತು ಹೆಚ್ಚಿನವುಗಳಿಗೆ ಇನ್ನೊಂದು. ಜಾರಿಕೆಯನ್ನು ತಡೆಯುವ ಸಾಧನವಿರುವುದು ಕವಚದ ಒಳಗೇ ಆದ್ದರಿಂದ, ಗೆರೆ ದಾಟಿದವನು ಅದನ್ನೂ ಬದಲಿಸಬೇಕಾದೀತು. ಇಲ್ಲವೆ ಹೆಚ್ಚು ದಪ್ಪದ ಕ್ರೌನನ್ನು ಹುಡುಕಬೇಕು. ನಾಲ್ಕು ಗಾಲಿಗೂ ಶಕ್ತಿ ಹರಿಯುವ ಜೀಪಿನಲ್ಲಿ ಹಿಂದಿನ ಪ್ರಮಾಣವನ್ನಷ್ಟೇ ಬದಲಿಸಿ ಮುಂದಿನದನ್ನು ಬಿಟ್ಟರೆ, ಗಟ್ಟಿ ರಸ್ತೆಯಲ್ಲಿ ಎರಡು ಇರುಸುಗಳೂ ಒಂದನ್ನೊಂದು ಎಳೆದಾಡುತ್ತವೆ, ಏನಾದರೂ ಮುರಿಯಲೂಬಹುದು.

ಇಂದಿನ ಅನೇಕ ಕಾರುಗಳಲ್ಲಿ, ಹಿಡಿತ ತಪ್ಪಿದ ಗಾಲಿಗೆ ಬ್ರೇಕನ್ನು ತಾನಾಗಿಯೇ ಹಾಕುವ ವಿದ್ಯುನ್ಮಾನ ಸಾಧನವಿದೆ. ಸಾಧನ ಹೊಸದು, ಪ್ರಶ್ನೆ ಪೆಕ್ಯೂರನ ಕಾಲದ್ದೇ. ಹಲ್ಲುಚಕ್ರ ಶಕ್ತಿಯನ್ನು ಹುಟ್ಟಿಸಲಾರದು, ಹಂಚಬಲ್ಲದು ಅಷ್ಟೆ. ಎಲ್ಲರಿಗೂ ಸಮನಾಗಿ ಹಂಚುವುದು ಸುಲಭ. ನೆಲದ ಮೇಲೆ ಗಟ್ಟಿಯಾಗಿ ನಿಂತವನಿಗೆ ಅವನು ಹೊರಬಲ್ಲಷ್ಟನ್ನು ತಲುಪಿಸುವುದು ಕಷ್ಟ. ಆ ಕಷ್ಟವನ್ನು ಬಿಡಿಸಲು ಯಂತ್ರಶಿಲ್ಪಿಗಳಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.