ಉರಿಮೂತ್ರದ ಇತಿಹಾಸ: ‘ಉಷ್ಣ’ದಿಂದ ಆಂಟಿಬಯೋಟಿಕ್‌ವರೆಗೆ, ಅಲ್ಲಿಂದ ಟಾಯ್ಲೆಟ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳಿದ ತಕ್ಷಣ ಕೆಲವರು ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿಕೊಳ್ತೀರಿ, ಪಕ್ಕದವರಿಗೆ ಕೇಳಿಸಬಾರದು ಅಂತ. ಮೂತ್ರದ ಸೋಂಕು, ಅಂದ್ರೆ ಯುಟಿಐ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಮನೆಗಳಲ್ಲಿ ಈ ಹೆಸರು ಕೇಳೋದು ಕಮ್ಮಿ. ‘ಉರಿಮೂತ್ರ’ ಅಂತಾರೆ. ಇಲ್ಲಾಂದ್ರೆ ಇನ್ನೂ ಸುಲಭವಾಗಿ, ‘ಉಷ್ಣ ಆಗಿದೆ ಕಣೇ, ಎಳನೀರು ಕುಡಿ’ ಅಂತಾರೆ.

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಈ ಕಾಯಿಲೆಯ ಇತಿಹಾಸ ಓದ್ತಾ ಓದ್ತಾ ಒಂದು ಲೆಕ್ಕ ತಲೆಯಿಂದ ಹೋಗ್ತಾನೇ ಇಲ್ಲ. ಇದಕ್ಕೆ ಕಾರಣವಾದ ರೋಗಾಣು ಸಿಕ್ಕಿ 140 ವರ್ಷ ಆಯ್ತು. ಅದನ್ನು ಕೊಲ್ಲೋ ಔಷಧಿ ಸಿಕ್ಕಿ ಹತ್ತಿರ ಹತ್ತಿರ 90 ವರ್ಷ. ಬರದ ಹಾಗೆ ತಡೆಯೋಕೆ ಒಳ್ಳೆಯ ದಾರಿ ಅಂದ್ರೆ ನೀರು, ಅದು ಎಲ್ಲರಿಗೂ ಗೊತ್ತು. ಹಾಗಿದ್ದೂ ಹೆಣ್ಣುಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದ್ರೂ ಇದು ಬಂದೇ ಬರುತ್ತೆ. ಯಾಕೆ?

ಉಷ್ಣದ ಕಾಲ

ನಮ್ಮ ಹಳೆಯ ವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಚರಕ ಸಂಹಿತೆಯಲ್ಲಿ ಇದರ ಹೆಸರು ಮೂತ್ರಕೃಚ್ಛ್ರ, ಅಂದ್ರೆ ಕಷ್ಟಪಟ್ಟು ಮೂತ್ರ ಮಾಡೋದು. ಎಂಟು ಬಗೆ ಅಂತ ವಿಂಗಡಿಸಿದ್ದಾರೆ. ಮದ್ದುಗಳಲ್ಲಿ ಮುಖ್ಯವಾದದ್ದು ಗೋಕ್ಷುರ. ಅದೇನು ಅಪರೂಪದ ಗಿಡ ಅಲ್ಲ, ನಮ್ಮ ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುತ್ತಲ್ಲ, ಅದೇ ನೆಗ್ಗಿಲು ಮುಳ್ಳು.

ಮನೆಮದ್ದುಗಳ ಪಟ್ಟಿ ನಿಮಗೇ ಬಾಯಿಪಾಠ: ಬಾರ್ಲಿ ಗಂಜಿ, ಜೀರಿಗೆ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ಎಳನೀರು, ಮಜ್ಜಿಗೆ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಎಲ್ಲದರಲ್ಲೂ ಇರೋದು ನೀರು. ಅಜ್ಜಿಯ ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ಇದ್ರೆ ಮೂತ್ರ ಗಟ್ಟಿಯಾಗುತ್ತೆ, ಹಳದಿ ಆಗುತ್ತೆ, ಉರಿಯುತ್ತೆ. ನೀರು ಕುಡಿದ್ರೆ ಇಳಿಯುತ್ತೆ. ಕೆಲವರಲ್ಲಿ ಸಣ್ಣ ಸೋಂಕು ತಾನಾಗೇ ವಾಸಿಯೂ ಆಗುತ್ತೆ.

ತೊಂದರೆ ಎಲ್ಲಿ ಅಂದ್ರೆ, ಬರೀ ಉಷ್ಣವೋ ಸೋಂಕೋ ಅಂತ ಬೇರೆ ಮಾಡಿ ನೋಡೋ ದಾರಿ ಆಗ ಇರಲಿಲ್ಲ. ಸೋಂಕು ಮೇಲೇರಿ ಕಿಡ್ನಿ ತಲುಪಿದ್ರೆ ಯಾವ ಎಳನೀರೂ ಅದನ್ನು ನಿಲ್ಲಿಸಲ್ಲ.

1885: ಹೊಟ್ಟೆಯೊಳಗಿನ ಬಾಡಿಗೆದಾರ

1885ರಲ್ಲಿ ಮ್ಯೂನಿಕ್‌ನಲ್ಲಿದ್ದ ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಕ್, ಎಳೆ ಮಕ್ಕಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡ. ಅವನ ಹೆಸರೇ ಆಮೇಲೆ ಅದಕ್ಕೆ ಅಂಟಿಕೊಂಡಿತು: ಎಶೆರಿಕಿಯಾ ಕೋಲೈ, ಅಂದ್ರೆ ಇ. ಕೋಲೈ. ಸಾಧಾರಣ ಮೂತ್ರ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇದರಿಂದಲೇ ಬರೋದು.

ಇದು ಹೊರಗಿನಿಂದ ಬಂದ ಶತ್ರು ಅಲ್ಲ. ಎಲ್ಲರ ಕರುಳಿನಲ್ಲೂ ಬಾಡಿಗೆಗೆ ಇರೋ ಜೀವಿ. ಅಲ್ಲಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಮೂತ್ರದ ದಾರಿಗೆ ಜಾರಿದ್ರೆ ಕಾಯಿಲೆ. ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಿನದು ಸುಮಾರು 20. ಹೆಂಗಸರಿಗೇ ಇದು ಹೆಚ್ಚು ಬರೋದಕ್ಕೆ ದೊಡ್ಡ ಕಾರಣ ಈ ಅಳತೆ.

ಇದನ್ನ ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ನಮ್ಮಲ್ಲಿ ಕಾಯಿಲೆಗಿಂತ ನಾಚಿಕೆ ದೊಡ್ಡದು. ಮದುವೆಯಾಗದ ಹುಡುಗಿ ‘ಅಲ್ಲಿ ಉರಿ’ ಅಂದ್ರೆ ಮನೆಯವರ ಕಣ್ಣು ಬೇರೆ ಥರ ನೋಡುತ್ತೆ. ಲೈಂಗಿಕ ಸಂಪರ್ಕದಿಂದ ಬ್ಯಾಕ್ಟೀರಿಯಾ ಒಳಗೆ ಸರಿಯೋ ಸಾಧ್ಯತೆ ಹೆಚ್ಚುತ್ತೆ, ನಿಜ. ಅದಕ್ಕೇ ಹೊಸದಾಗಿ ಮದುವೆಯಾದವರಲ್ಲಿ ಇದು ಜಾಸ್ತಿ. ಆದ್ರೆ ಇದು ಲೈಂಗಿಕ ರೋಗ ಅಲ್ಲ. ಪುಟ್ಟ ಮಕ್ಕಳಿಗೂ ಬರುತ್ತೆ, ಎಪ್ಪತ್ತು ವರ್ಷದ ಅಜ್ಜಿಗೂ ಬರುತ್ತೆ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ.

ಮಾತ್ರೆಗಳ ಕಾಲ

1930ರ ದಶಕದಲ್ಲಿ ಜರ್ಮನಿಯ ಗೆರ್‌ಹಾರ್ಡ್ ಡೊಮಾಕ್ ಅವರ ಕೆಲಸದಿಂದ ಸಲ್ಫಾ ಔಷಧಿಗಳು ಬಂದವು. 1953ರಲ್ಲಿ ನೈಟ್ರೋಫುರಾಂಟೋಯಿನ್ ಬಂತು. 1962ರಲ್ಲಿ ನ್ಯಾಲಿಡಿಕ್ಸಿಕ್ ಆಸಿಡ್. ಇದು ಮಲೇರಿಯಾ ಔಷಧಿ ಕ್ಲೋರೋಕ್ವಿನ್ ತಯಾರಿಸುವಾಗ ಸಿಕ್ಕ ಉಪವಸ್ತುವಿನಿಂದ ಹುಟ್ಟಿದ್ದು. ಅದೇ ಕುಟುಂಬದಲ್ಲಿ 1980ರ ದಶಕಕ್ಕೆ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಬಂದವು. ಇವುಗಳ ಹೆಸರು ನಮ್ಮೂರಿನ ಮೆಡಿಕಲ್ ಶಾಪ್‌ಗಳಲ್ಲಿ ಯಾರಿಗೆ ಗೊತ್ತಿಲ್ಲ?

ಈ ನಡುವೆ 1956ರ ಹೊತ್ತಿಗೆ ಅಮೆರಿಕದ ಎಡ್ವರ್ಡ್ ಕ್ಯಾಸ್ ಒಂದು ಲೆಕ್ಕ ಕೊಟ್ಟರು. ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ರೆ ಅದು ಡಬ್ಬಿಯ ಕೊಳೆ ಅಲ್ಲ, ನಿಜವಾಗಿ ಮೂತ್ರದಲ್ಲೇ ಬೆಳೆದದ್ದು ಅಂತ. ಗರ್ಭಿಣಿಯರಲ್ಲಿ ಉರಿ, ನೋವು ಏನೂ ಇಲ್ಲದೆಯೂ ಸೋಂಕು ಇರಬಹುದು, ಬಿಟ್ಟರೆ ಕಿಡ್ನಿಗೆ ಏರಬಹುದು ಅಂತಲೂ ತೋರಿಸಿದರು. ಇವತ್ತು ಬಸುರಿಯರಿಗೆ ‘ಒಂದ ಹಿಡಿದು ತನ್ನಿ’ ಅಂತ ಆಸ್ಪತ್ರೆಯಲ್ಲಿ ಡಬ್ಬಿ ಕೊಡೋದರ ಹಿಂದೆ ಈ ಕಥೆಯೂ ಇದೆ.

ಇಲ್ಲಿಂದ ಕಥೆ ಹಾದಿ ತಪ್ಪುತ್ತೆ. ‘ಅಣ್ಣಾ, ಉರಿಮೂತ್ರಕ್ಕೆ ಎರಡು ಮಾತ್ರೆ ಕೊಡಿ.’ ಎರಡು ದಿನಕ್ಕೆ ಉರಿ ನಿಲ್ತು, ಮಾತ್ರೆಯೂ ನಿಲ್ತು. ಹೀಗೆ ಬೇಕಾಬಿಟ್ಟಿ ನುಂಗಿದ್ದರ ಫಲ ಈಗ ಕಾಣ್ತಿದೆ. ಐಸಿಎಂಆರ್ ವರ್ಷವರ್ಷ ಕೊಡೋ ವರದಿಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಇ. ಕೋಲೈಯಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುತ್ತಿಲ್ಲ. ತಮಾಷೆ ಏನಂದ್ರೆ, 1953ರ ಆ ಮುದುಕ ನೈಟ್ರೋಫುರಾಂಟೋಯಿನ್ ಇವತ್ತಿಗೂ ಚೆನ್ನಾಗಿ ಕೆಲಸ ಮಾಡ್ತಿದೆ. ಹಾಗಂತ ಇದನ್ನ ಕೇಳಿಕೊಂಡು ಅಂಗಡಿಗೆ ಓಡಬೇಡಿ. ಸೋಂಕು ಕಿಡ್ನಿಗೆ ಹೋಗಿದ್ರೆ ಅದು ಸಾಲದು, ಕಿಡ್ನಿ ದುರ್ಬಲವಾಗಿದ್ರೆ ಕೊಡೋ ಹಾಗಿಲ್ಲ. ಯಾವ ಔಷಧಿ, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು.

ಕ್ಲೋಸ್‌ಪೇಟೆಯಿಂದ ಗಾರ್ಮೆಂಟ್ಸ್‌ವರೆಗೆ

ಈಗ ನಮ್ಮೂರಿಗೆ ಬರೋಣ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಬ್ಯಾರಿ ಕ್ಲೋಸ್ ಅನ್ನೋ ರೆಸಿಡೆಂಟ್ ನೆನಪಿಗೆ. 1930ರ ದಶಕದಲ್ಲಿ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ ಸಹಾಯದಿಂದ ಇಲ್ಲಿ ಆರೋಗ್ಯ ಸಿಬ್ಬಂದಿಯ ತರಬೇತಿ ಕೇಂದ್ರ ನಡೆಸಿತು. ಹಳ್ಳಿಯ ಆರೋಗ್ಯ ಅಂದ್ರೆ ಬರೀ ಔಷಧಿ ಅಲ್ಲ. ನೀರು, ಚರಂಡಿ, ಪಾಯಿಖಾನೆ ಕೂಡ ಅನ್ನೋ ಪಾಠ ನಮ್ಮ ಊರಿಗೆ ಅಷ್ಟು ಹಳೆಯದು.

ಆದ್ರೂ ನಮ್ಮ ಅಜ್ಜಿಯಂದಿರು ಬಯಲಿಗೆ ಹೋಗಿದ್ದು ಬೆಳಕು ಹರಿಯೋಕೆ ಮುಂಚೆ, ಇಲ್ಲಾ ಕತ್ತಲಾದ ಮೇಲೆ. ನಡುವೆ ಹನ್ನೆರಡು ಗಂಟೆ ತಡೆದುಕೊಳ್ಳೋದು. ತಡೆಯೋಕೆ ಸುಲಭದ ದಾರಿ ನೀರು ಕುಡಿಯದೆ ಇರೋದು. ಗಂಟೆಗಟ್ಟಲೆ ತಡೆದಾಗ ಒಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಬೆಳೆಯೋಕೆ ಸಮಯ ಸಿಗುತ್ತೆ. 2014ರ ಸ್ವಚ್ಛ ಭಾರತ್‌ ನಂತರ ಮನೆಮನೆಗೆ ಶೌಚಾಲಯ ಬಂತು, ಸರಿ. ಆದ್ರೆ ಹಗಲೆಲ್ಲ ನಾವು ಮನೆಯಲ್ಲಿ ಇರ್ತೀವಾ?

ಕನಕಪುರ, ಚನ್ನಪಟ್ಟಣದ ಕಡೆಯಿಂದ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಗಳನ್ನ ಯೋಚಿಸಿ. ಹೋಗೋದು ಬರೋದು, ಶಿಫ್ಟ್ ಎಲ್ಲಾ ಸೇರಿ ಹತ್ತು ಹನ್ನೆರಡು ಗಂಟೆ ಹೊರಗೆ. ಲೈನ್‌ನಲ್ಲಿ ಗಂಟೆಗೆ 60 ಪೀಸ್ ಟಾರ್ಗೆಟ್ ಅಂತ ಇಟ್ಟುಕೊಳ್ಳಿ. ಐದು ನಿಮಿಷ ಎದ್ದು ಹೋದ್ರೆ ಐದು ಪೀಸ್ ಬಾಕಿ, ಸೂಪರ್‌ವೈಸರ್ ಬೈಗುಳ ಗ್ಯಾರಂಟಿ. ಟಾಯ್ಲೆಟ್‌ಗೆ ಬಿಡಲ್ಲ, ಅದಕ್ಕೇ ನೀರು ಕುಡಿಯಲ್ಲ ಅನ್ನೋದು ಗಾರ್ಮೆಂಟ್ಸ್ ಕಾರ್ಮಿಕರು ವರ್ಷಗಳಿಂದ ಹೇಳ್ತಾ ಬಂದ ದೂರು. ರೇಷ್ಮೆ ನೂಲು ಬಿಚ್ಚೋ ಜಾಗದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ಬೆವರು ಹರಿಸೋರ ಕಥೆ ಇನ್ನೂ ಕಷ್ಟ.

ಕಾನೂನು ಇರಲಿಲ್ವಾ? ಇತ್ತು. 1948ರ ಫ್ಯಾಕ್ಟರಿ ಕಾಯ್ದೆಯ 19ನೇ ಕಲಂ, ಹೆಂಗಸರಿಗೆ ಬೇರೆ ಶೌಚಾಲಯ ಇರಲೇಬೇಕು, ಕೆಲಸದ ಹೊತ್ತಲ್ಲಿ ಯಾವಾಗ ಬೇಕಾದ್ರೂ ಹೋಗುವಂತಿರಬೇಕು ಅಂತ ಹೇಳಿತ್ತು. ಆದ್ರೆ ಆ ಕಾಯ್ದೆ ಲೆಕ್ಕಕ್ಕೆ ಬರ್ತಿದ್ದದ್ದು ಕರೆಂಟ್ ಬಳಸೋ ಕಡೆ 10, ಬಳಸದ ಕಡೆ 20 ಕೆಲಸಗಾರರಿದ್ರೆ. ನಾಲ್ಕೈದು ಜನ ಇಟ್ಟುಕೊಂಡ ಸಣ್ಣ ಘಟಕ ಅದರಿಂದ ಹೊರಗೇ ಉಳಿಯಿತು.

ನೀರಿನ ಲೆಕ್ಕ

ನೀರು ಕುಡಿಯೋದರಿಂದ ನಿಜಕ್ಕೂ ಉಪಯೋಗ ಇದೆಯಾ? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಸೋಂಕು ಆಗ್ತಿದ್ದ, ಕಡಿಮೆ ನೀರು ಕುಡಿಯೋ 140 ಹೆಂಗಸರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು. ವರ್ಷದ ಕೊನೆಗೆ ಅವರಲ್ಲಿ ಸೋಂಕು ಸರಾಸರಿ 1.7 ಸಲ, ಇನ್ನೊಂದು ಗುಂಪಲ್ಲಿ 3.2 ಸಲ. ಅಜ್ಜಿ ಗೆದ್ದರು!

ಆದ್ರೆ ಒಂದೂವರೆ ಲೀಟರ್ ಕುಡಿದ್ರೆ ಅಷ್ಟು ಸಲ ಹೋಗಲೂಬೇಕಲ್ವಾ? ‘ನೀರು ಕುಡಿ’ ಅನ್ನೋದು ಅರ್ಧ ಸಲಹೆ. ಹೋಗೋಕೆ ಬಾಗಿಲಿರೋ, ನೀರಿರೋ ಜಾಗ ಕೊಡೋದು ಉಳಿದರ್ಧ. ಮೊದಲರ್ಧ ನಮ್ಮ ಕೈಲಿದೆ, ಎರಡನೆಯದು ಮಾಲೀಕರ, ಪುರಸಭೆಯ, ಸರ್ಕಾರದ ಕೈಲಿ. ಇಷ್ಟು ವರ್ಷ ನಾವು ಬರೀ ಮೊದಲರ್ಧದ ಬಗ್ಗೆಯೇ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳ್ತಾ ಬಂದ್ವಿ.

ಕೊನೆಗೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳೋ ಭಾಗ. ಮತ್ತೆ ಮತ್ತೆ ಅವಸರ, ಉರಿ, ಕಿಬ್ಬೊಟ್ಟೆ ನೋವು ಇದ್ರೆ ಮೂತ್ರ ಪರೀಕ್ಷೆ ಮಾಡಿಸಿ. ಕಲ್ಚರ್ ಬರೆದುಕೊಟ್ಟರೆ ಮಾತ್ರೆ ಶುರು ಮಾಡೋಕೆ ಮುಂಚೆಯೇ ಕೊಡಿ. ಮೊದಲ ಸ್ವಲ್ಪ ಬಿಟ್ಟು, ನಡುವಿನದ್ದನ್ನ ಹಿಡಿಯಿರಿ. ಚಳಿಜ್ವರ, ವಾಂತಿ, ಪಕ್ಕೆ-ಬೆನ್ನಿನ ನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ರಕ್ತ ಕಂಡ್ರೂ ತಡ ಮಾಡಬೇಡಿ. ಗರ್ಭಿಣಿಯರು, ಶುಗರ್ ಇರೋರು, ಮಕ್ಕಳು, ಗಂಡಸರು ಮನೆಮದ್ದು ನಂಬಿ ಕಾಯಬಾರದು. ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ. ತಡೆದುಕೊಳ್ಳಬೇಡಿ, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಸಂಪರ್ಕದ ನಂತರ ಮೂತ್ರ ಮಾಡಿ.

ಹುಡುಗರಿಗೆ ಒಂದು ಮಾತು: ಅಂಗಡಿ, ಘಟಕ, ಆಫೀಸ್ ಯಾವುದನ್ನೇ ನಡೆಸ್ತಿರಿ, ಅಲ್ಲಿ ಕೆಲಸ ಮಾಡೋ ಹೆಂಗಸರು ಎಲ್ಲಿಗೆ ಹೋಗ್ತಾರೆ ಅಂತ ಈ ವಾರ ಒಮ್ಮೆ ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನೀರು ಕುಡೀತಿರಿ.