ಇಷ್ಟು ಚಳಿ ಇರುವಾಗ ಭೂಮಿ ಬಿಸಿಯಾಗುತ್ತಿದೆ ಎನ್ನುವುದು ಸುಳ್ಳೇ? ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸ ತಿಳಿಯಿರಿ

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ ಜೋರಾದ ಕೂಡಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಹರಿದಾಡುತ್ತದೆ: ಇಲ್ಲಿ ಹಲ್ಲು ಕಟಕಟ ಎನ್ನುತ್ತಿದೆ, ಭೂಮಿ ಬಿಸಿಯಾಗುತ್ತಿದೆ ಎಂದು ವಿಜ್ಞಾನಿಗಳು ಹೆದರಿಸುತ್ತಿದ್ದಾರೆ, ಇದೆಲ್ಲ ಸುಳ್ಳು! ಓದಿದವರು ನಗುತ್ತಾರೆ, ಹತ್ತು ಜನಕ್ಕೆ ಕಳಿಸುತ್ತಾರೆ.

ಚುಟುಕಾಗಿ ಉತ್ತರ: ಈ ಸಂದೇಶ ತಪ್ಪು. ಒಂದು ಊರಿನ ಒಂದು ಬೆಳಗಿನ ಚಳಿ ಬೇರೆ, ಇಡೀ ಭೂಮಿಯ ಹಲವು ದಶಕಗಳ ಸರಾಸರಿ ಬೇರೆ. ಮೊದಲನೆಯದು ಹವಾಮಾನ, ಎರಡನೆಯದು ವಾಯುಗುಣ.

ಗೊಂದಲ ಪದದಲ್ಲೇ ಇದೆ

ಶಾಲೆಯ ಪುಸ್ತಕಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಇವತ್ತು, ನಾಳೆ ಅಥವಾ ಈ ವಾರ ಇರುವ ಬಿಸಿಲು, ಮಳೆ, ಗಾಳಿ, ತೇವಾಂಶ ಇದು ಹವಾಮಾನ. ಒಂದು ಪ್ರದೇಶದಲ್ಲಿ ಬಹಳ ವರ್ಷಗಳಿಂದ ಕಂಡುಬರುವ ಸಾಮಾನ್ಯ ಸ್ಥಿತಿ ವಾಯುಗುಣ. ಇದನ್ನೇ ಹವಾಗುಣ ಎಂದೂ ಕರೆಯುತ್ತಾರೆ. ಆದರೆ ಪತ್ರಿಕೆ, ಟಿವಿಗಳಲ್ಲಿ ಎರಡಕ್ಕೂ 'ಹವಾಮಾನ' ಎಂದೇ ಬಳಸುವುದು ರೂಢಿ. 'ಹವಾಮಾನ ಬದಲಾವಣೆ' ಎಂದು ಸುದ್ದಿಯಲ್ಲಿ ಬಂದರೆ ಅದರ ಅರ್ಥ ವಾಯುಗುಣದ ಬದಲಾವಣೆ ಎಂದು ತಿಳಿಯಬೇಕು.

ಇವತ್ತು ಹೊರಗೆ ಹೋಗುವಾಗ ಕೊಡೆ ಬೇಕೇ ಎಂಬುದನ್ನು ಹವಾಮಾನ ನೋಡಿ ತೀರ್ಮಾನಿಸುತ್ತೇವೆ. ಮಲೆನಾಡಿನಲ್ಲಿ ಇಳಿಜಾರಾದ ಹೆಂಚಿನ ಮನೆ, ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆ ಕಟ್ಟಿದ್ದು ವಾಯುಗುಣ ನೋಡಿ.

ನಮ್ಮ ರೈತರಿಗೆ ಈ ವ್ಯತ್ಯಾಸ ಹೊಸದಲ್ಲ. ಮೃಗಶಿರ ಮಳೆ, ಆರಿದ್ರ ಮಳೆ, ಪುನರ್ವಸು ಮಳೆ ಎಂದು ಸುಮಾರು 13-14 ದಿನಗಳ ಲೆಕ್ಕದಲ್ಲಿ ಮಳೆಗಾಲವನ್ನು ಭಾಗ ಮಾಡಿ, ಯಾವಾಗ ಬಿತ್ತಬೇಕು ಎಂದು ಹಿರಿಯರು ಗೊತ್ತು ಮಾಡಿದ್ದರು. ಅದು ತಲೆಮಾರುಗಳ ಅನುಭವದ ಸರಾಸರಿ, ಅಂದರೆ ವಾಯುಗುಣದ ತಿಳಿವಳಿಕೆ. ಈ ವರ್ಷ ಆರಿದ್ರ ಮಳೆ ಬಂತೋ, ಕೈಕೊಟ್ಟಿತೋ ಎಂಬುದು ಹವಾಮಾನ. ಇನ್ನೊಂದು ವಿಷಯ ಗಮನಿಸಿ. ಪಂಚಾಂಗದ ಮಳೆ ದಿನಾಂಕಗಳು ಸೂರ್ಯನ ಸ್ಥಾನದ ಲೆಕ್ಕ, ಮೋಡಗಳ ಲೆಕ್ಕವಲ್ಲ. ಮಳೆಯ ರೀತಿ ಬದಲಾದರೂ ದಿನಾಂಕ ಬದಲಾಗುವುದಿಲ್ಲ.

ಸರಾಸರಿಗೆ ಎಷ್ಟು ವರ್ಷ ಬೇಕು?

ಒಂದು ವರ್ಷ ಬರ, ಮರುವರ್ಷ ನೆರೆ ಬರಬಹುದು. ಅದಕ್ಕಾಗಿ ವಿಶ್ವ ಹವಾಮಾನ ಸಂಸ್ಥೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ಅಳತೆಗೋಲಾಗಿ ಬಳಸುತ್ತದೆ. ಸದ್ಯ ಬಳಕೆಯಲ್ಲಿರುವುದು 1991ರಿಂದ 2020ರ ಅವಧಿ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಮುಂಗಾರಿಗೆ 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ ಬಳಸುತ್ತದೆ. ಅದರ ಪ್ರಕಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಮಳೆ 87 ಸೆಂ.ಮೀ. 'ವಾಡಿಕೆ ಮಳೆ' ಎಂದು ಸುದ್ದಿಯಲ್ಲಿ ಹೇಳುವುದು ಇಂಥ ಸರಾಸರಿಯನ್ನೇ.

ಭೂಮಿ ಬಿಸಿಯಾಗುವುದು ಹೇಗೆ?

ಸೂರ್ಯನ ಬೆಳಕು ನೆಲ, ಸಮುದ್ರವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಮತ್ತೆ ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥ ಹಸಿರುಮನೆ ಅನಿಲಗಳು ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದು ಭೂಮಿ ಹೊದ್ದಿರುವ ಕಂಬಳಿ ಇದ್ದಂತೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ಇದರಿಂದಾಗಿ ಸುಮಾರು 15 ಡಿಗ್ರಿ ಇದೆ. ಆದ್ದರಿಂದ ಕಂಬಳಿ ಇರುವುದು ತೊಂದರೆಯಲ್ಲ, ಅದು ದಪ್ಪವಾಗುತ್ತಿರುವುದು ತೊಂದರೆ.

ಕಾರ್ಖಾನೆಗಳ ಯುಗಕ್ಕೆ ಮೊದಲು 10 ಲಕ್ಷ ಗಾಳಿಯ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಸುಮಾರು 315 ಆಗಿತ್ತು. ಈಗ 420 ದಾಟಿದೆ. ಹೆಚ್ಚಾದ ಇಂಗಾಲ ಬಹುಪಾಲು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಅನಿಲ ಸುಟ್ಟಿದ್ದರಿಂದ ಬಂದದ್ದು ಎಂಬುದಕ್ಕೆ ಪುರಾವೆ ಇದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಧನದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ರೂಪ ಉಳಿದಿರುವುದಿಲ್ಲ. ಗಾಳಿಯ ಇಂಗಾಲದಲ್ಲಿ ಆ ಗುರುತು ಸಿಗುತ್ತದೆ.

ಒಂದೂವರೆ ಡಿಗ್ರಿ ಏರಿದರೆ ಏನಾಯಿತು?

ಬೆಳಗಿನಿಂದ ಮಧ್ಯಾಹ್ನಕ್ಕೆ 12 ಡಿಗ್ರಿ ಏರುತ್ತದೆ, ಒಂದೂವರೆ ಡಿಗ್ರಿ ಯಾವ ಲೆಕ್ಕ ಎಂದು ಹಲವರು ಕೇಳುತ್ತಾರೆ. ಅದು ನಿಮ್ಮ ಊರಿನ ಏರಿಳಿತ. ಇದು ಇಡೀ ಭೂಮಿಯ ಸರಾಸರಿ. ಸುಮಾರು 20,000 ವರ್ಷಗಳ ಹಿಂದೆ, ಉತ್ತರ ಅಮೆರಿಕ ಮತ್ತು ಯುರೋಪಿನ ಉತ್ತರ ಭಾಗಗಳು ಹಿಮದಡಿ ಇದ್ದಾಗ, ಭೂಮಿಯ ಸರಾಸರಿ ಇಂದಿಗಿಂತ ಸುಮಾರು 6 ಡಿಗ್ರಿ ಮಾತ್ರ ಕಡಿಮೆ ಇತ್ತು. ಅಲ್ಲಿಂದ ಮೇಲೇರಲು ಸಾವಿರಾರು ವರ್ಷ ಹಿಡಿಯಿತು. ಈಗಿನ ಏರಿಕೆ ಆಗಿರುವುದು ಸುಮಾರು 150 ವರ್ಷಗಳಲ್ಲಿ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಸರಾಸರಿ 1850-1900ರ ಅವಧಿಗಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಭಾರತದ ಸರಾಸರಿ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ.

ಇದರ ಪರಿಣಾಮ ಬಿಸಿಲಿಗಷ್ಟೇ ಸೀಮಿತವಲ್ಲ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು 7ರಷ್ಟು ಶೇಕಡ ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚು. ತಿಂಗಳಿಗೆ 20 ಸೆಂ.ಮೀ. ಮಳೆ 15 ದಿನ ಹದವಾಗಿ ಬಂದರೆ ರಾಗಿ, ಶೇಂಗಾಕ್ಕೆ ಅನುಕೂಲ. ಅದೇ 20 ಸೆಂ.ಮೀ. ಎರಡೇ ದಿನ ಸುರಿದು ಉಳಿದ ದಿನ ಒಣಗಿದರೆ ಮಣ್ಣು ಕೊಚ್ಚಿ ಹೋಗುತ್ತದೆ, ಬೆಳೆ ಬಾಡುತ್ತದೆ. ಪುಸ್ತಕದಲ್ಲಿ ಮಾತ್ರ 'ವಾಡಿಕೆ ಮಳೆ' ಎಂದೇ ದಾಖಲಾಗುತ್ತದೆ.

ಹಾಗೆಂದು ಪ್ರತಿ ನೆರೆ, ಪ್ರತಿ ಬರಕ್ಕೂ ವಾಯುಗುಣ ಬದಲಾವಣೆಯೊಂದೇ ಕಾರಣ ಎನ್ನುವುದೂ ಸರಿಯಲ್ಲ. ಕೆರೆ, ರಾಜಕಾಲುವೆ ಮುಚ್ಚಿದರೆ ಸಾಧಾರಣ ಮಳೆಗೂ ಮನೆಗೆ ನೀರು ನುಗ್ಗುತ್ತದೆ.

ಮತ್ತೆ ಚಳಿ ಏಕೆ?

ಚಳಿಗಾಲದಲ್ಲಿ ಆಕಾಶ ತಿಳಿಯಾಗಿ, ಗಾಳಿ ಒಣಗಿದ್ದರೆ ನೆಲದ ಶಾಖ ರಾತ್ರಿ ಬೇಗ ಹೊರಟುಹೋಗುತ್ತದೆ. ಉತ್ತರದ ತಣ್ಣನೆ ಗಾಳಿ ಬೀಸಿದರೆ ಚಳಿ ಇನ್ನೂ ಹೆಚ್ಚು. ಭೂಮಿಯ ಸರಾಸರಿ ಏರಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಅದೇ ರೀತಿ ಒಂದು ದಿನದ ಸೆಕೆಯೂ ತಾಪಮಾನ ಏರಿಕೆಗೆ ಪುರಾವೆಯಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಯಿತು. ನಗರ ಬಿಸಿಯಾಗಲು ಕಾಂಕ್ರೀಟ್, ಡಾಂಬರು, ಮರಗಳ ನಾಶವೂ ಕಾರಣ. ಅದಕ್ಕಾಗಿಯೇ ವಿಜ್ಞಾನಿಗಳು ನಗರವನ್ನಷ್ಟೇ ನೋಡದೆ ಹಳ್ಳಿ, ಸಮುದ್ರಗಳ ಅಳತೆಯನ್ನೂ ಸೇರಿಸುತ್ತಾರೆ. ಹೆಚ್ಚುವರಿ ಶಾಖದ ಶೇ 90ರಷ್ಟು ಸೇರುತ್ತಿರುವುದು ಸಮುದ್ರಕ್ಕೆ.

ಹರಿದಾಡುವ ಇನ್ನಷ್ಟು ಹೇಳಿಕೆಗಳು

"ಭೂಮಿ ಸೂರ್ಯನಿಂದ ದೂರ ಹೋಗಿದೆ, ಆಗಸ್ಟ್‌ವರೆಗೆ ವಿಪರೀತ ಚಳಿ, ರೋಗ": ತಪ್ಪು. ಭೂಮಿ ಪ್ರತಿ ವರ್ಷ ಜುಲೈ ಆರಂಭದಲ್ಲಿ ಸೂರ್ಯನಿಂದ ಅತಿ ದೂರ, ಅಂದರೆ ಸುಮಾರು 15.21 ಕೋಟಿ ಕಿ.ಮೀ. ಇರುತ್ತದೆ. ಜನವರಿಯಲ್ಲಿ ಅತಿ ಹತ್ತಿರ, ಸುಮಾರು 14.71 ಕೋಟಿ ಕಿ.ಮೀ. ಸಂದೇಶದಲ್ಲಿ ಹೇಳುವ 9 ಕೋಟಿ ಕಿ.ಮೀ. ಅಂತರ ಎಂದೂ ಇರುವುದಿಲ್ಲ. ನಮಗೆ ಚಳಿ ಆಗುವುದು ಸೂರ್ಯ ಹತ್ತಿರವಿರುವ ಜನವರಿಯಲ್ಲೇ! ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ.

"ಓಝೋನ್ ಪದರದ ರಂಧ್ರದಿಂದ ಬಿಸಿ ಒಳಗೆ ಬರುತ್ತಿದೆ": ತಪ್ಪು. ಓಝೋನ್ ಪದರ ತಡೆಯುವುದು ಅತಿನೇರಳೆ ಕಿರಣಗಳನ್ನು. ಭೂಮಿ ಬಿಸಿಯಾಗಲು ಮುಖ್ಯ ಕಾರಣ ಹಸಿರುಮನೆ ಅನಿಲಗಳು.

"ಸೂರ್ಯನೇ ಹೆಚ್ಚು ಉರಿಯುತ್ತಿದ್ದಾನೆ": 1978ರಿಂದ ಉಪಗ್ರಹಗಳು ಅಳೆಯುತ್ತಿವೆ, ಅಂಥ ಏರಿಕೆ ಕಂಡಿಲ್ಲ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ.

"ನಾಳೆಯ ಮಳೆ ಹೇಳಲಾಗದವರು 50 ವರ್ಷ ಮುಂದಿನದನ್ನು ಹೇಗೆ ಹೇಳುತ್ತಾರೆ?": ಮುಂದಿನ ಏಪ್ರಿಲ್ 10ರಂದು ಕಲಬುರಗಿಯಲ್ಲಿ ಎಷ್ಟು ಡಿಗ್ರಿ ಇರುತ್ತದೆ ಎಂದು ಯಾರೂ ಹೇಳಲಾರರು. ಆದರೆ ಅಲ್ಲಿ ಏಪ್ರಿಲ್ ತಿಂಗಳು ಡಿಸೆಂಬರ್‌ಗಿಂತ ಬಿಸಿ ಇರುತ್ತದೆ ಎಂದು ನೀವೂ ಧೈರ್ಯವಾಗಿ ಹೇಳಬಹುದು. ಸರಾಸರಿಯನ್ನು ಹೇಳುವ ಲೆಕ್ಕವೇ ಬೇರೆ.

ಫಾರ್ವರ್ಡ್ ಮಾಡುವ ಮುನ್ನ

ಸುಳ್ಳು ಸಂದೇಶ ಕೇವಲ ತಮಾಷೆಯಲ್ಲ. ಇಲ್ಲದ ಮಳೆಯನ್ನು ನಂಬಿ ಬಿತ್ತಿದವರು ಬೀಜ, ಗೊಬ್ಬರದ ಹಣ ಕಳೆದುಕೊಳ್ಳುತ್ತಾರೆ. ನಿಜವಾದ ಎಚ್ಚರಿಕೆ ಬಂದಾಗಲೂ 'ಇದೂ ಅಂಥದ್ದೇ' ಎಂದು ಜನ ಕಡೆಗಣಿಸುತ್ತಾರೆ.

ಸಂದೇಶದಲ್ಲಿ ದಿನಾಂಕ, ಊರು ಮತ್ತು ಹೇಳಿದ ಇಲಾಖೆಯ ಹೆಸರು ಇದೆಯೇ ನೋಡಿ. ಇದ್ದರೂ ಹವಾಮಾನ ಇಲಾಖೆಯ ಜಾಲತಾಣ ಅಥವಾ 'ಮೌಸಮ್' ಆ್ಯಪ್‌ನಲ್ಲಿ ಹೋಲಿಸಿ. ರೈತರಿಗೆ 'ಮೇಘದೂತ್', ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಆ್ಯಪ್‌ಗಳಿವೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ.

ಮುಂದಿನ ಸಲ ಗುಂಪಿನಲ್ಲಿ ಚಳಿಯ ಜೋಕ್ ಬಂದರೆ ಒಂದೇ ಪ್ರಶ್ನೆ ಕೇಳಿ: ಇದು ಇವತ್ತಿನ ಮಾತೋ, ಮೂವತ್ತು ವರ್ಷದ ಮಾತೋ?